ಕೊನೆಯ ಬೆಂಚಿನವನು

ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿದ್ದಾಗ ಪಾದ್ರಿ ಅಯ್ಯನವರು ಒಂದು ಕಣ್ಣು ತೆರೆದರು. ಬಾಯಿ ತನ್ನ ಪಾಡಿಗೆ ಮನೆಯವರಿಗೆ ಸಮಾಧಾನ ಕೊಡು ಎಂದು ದೇವರನ್ನು ಬೇಡುತ್ತಿತ್ತು. ಕಣ್ಣು ಮಾತ್ರ ಯಾರ್ಯಾರು ಬಂದಿದ್ದಾರೆ ಎಂದು ನೋಡುತ್ತಿತ್ತು. ಬಿಷಪ್ಪರ ಕಚೇರಿಯಿಂದ ಯಾರಾದರೂ? ಠಾಣೆಯಿಂದ? ಬಾಗಿಲ ಬಳಿ ಕನ್ನಡಕ ಹಾಕಿಕೊಂಡು ನಿಂತವನ ಮೇಲೆ ಕಣ್ಣು ನೆಟ್ಟಿತು. ಅವನು ಎದುರು ಅಂಗಡಿಯ ದರ್ಜಿ ಎಂದು ಗುರುತು ಸಿಕ್ಕ ಮೇಲೆಯೇ ಅವರು 'ಆಮೆನ್' ಎಂದದ್ದು.

ಸತ್ತವನು ಗಡಿಯಾರ ರಿಪೇರಿಯವನು. ಊರಿಗೆಲ್ಲ ಅವನು ವಾಚಣ್ಣ. ಕೆಳಗೆ ಅಂಗಡಿ, ಮೇಲೆ ಈ ಒಂದೇ ಕೋಣೆ. ಗೋಡೆಯ ತುಂಬ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಬಂದ ಜನ ಬಹಳ ಕಡಿಮೆ.

ವಾಚಣ್ಣನ ಹೆಂಡತಿ ಕುರ್ಚಿಯಲ್ಲಿ ಕೂತಿದ್ದರು. ಮಂಡಿ ಕೈಕೊಟ್ಟು ಎಷ್ಟೋ ಕಾಲವಾಗಿತ್ತು. ಅಯ್ಯನವರ ಕೈ ಹಿಡಿದುಕೊಂಡು, "ನಿಮ್ಮ ಪ್ರಸಂಗ ಅಂದ್ರೆ ಅವರಿಗೆ ಪ್ರಾಣ, ಅಯ್ಯನವರೇ," ಎಂದರು. "ನಾನು ಚರ್ಚಿಗೆ ಬರೋ ಹಾಗಿಲ್ಲವಲ್ಲ. ಭಾನುವಾರ ಓಡಿ ಬಂದು ನೀವು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ನನಗೆ ಒಪ್ಪಿಸೋರು. ಕೊನೆ ಹಾಡಿಗೆ ನಿಂತ್ರೆ ಹಾಡೇ ತಲೇಲಿ ಕೂತ್ಕೊಂಡು ಮಾತು ಮರ್ತುಹೋಗುತ್ತೆ ಅನ್ನೋರು."

ಅಯ್ಯನವರ ಎದೆಯಲ್ಲಿ ಏನೋ ಚುರ್ ಎಂದಿತು. ಆದರೆ ಅನುಮಾನ ಹೇಳಿದ ತಕ್ಷಣ ಮನೆ ಖಾಲಿ ಮಾಡುವ ಬಾಡಿಗೆದಾರನಲ್ಲ. ಒಂದಕ್ಷರ ಬಿಡದೆ! ಇಲ್ಲಿ ಒಪ್ಪಿಸಿದವನು ಬೇರೆ ಕಡೆ ಒಪ್ಪಿಸಿರಲಾರನೇ?

"ಈಚೆಗೆ ಯಾರೂ ಬರ್ತಿರಲಿಲ್ಲ," ಎಂದರು ಆಕೆ. "ಜನ ಎಲ್ಲ ಮೊಬೈಲಲ್ಲೇ ಟೈಮ್ ನೋಡ್ತಾರೆ, ಅದಕ್ಕೇ ಅಂಗಡಿ ಖಾಲಿ ಅನ್ನೋರು."

ಮೆಟ್ಟಿಲ ಹತ್ತಿರ ಸಭೆಯ ಖಜಾಂಚಿ ಅಯ್ಯನವರ ಕಿವಿಗೆ ಬಾಯಿಟ್ಟ. "ಸತ್ತೋರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ. ಆದ್ರೂ ಇವತ್ತು ಒಂದು ಮಾತು ಹೇಳ್ಲೇಬೇಕು, ಅಯ್ಯನವರೇ. ಇಂಥೋರಿಗೆ ಅದು ಪಾಠ ಆಗ್ಬೇಕು."

"ಹೇಳ್ತೀನಿ. ಹೆಸರೆತ್ತದೆ ಹೇಳ್ತೀನಿ," ಎಂದರು ಅಯ್ಯನವರು.

* * *

ಅಯ್ಯನವರು ಪ್ರಸಂಗಕ್ಕೆ ನಿಂತರೆ ಸತ್ಯವೇದದ ಒಳಗೆ ಅಂದಿನ ಪತ್ರಿಕೆ ಮಡಿಸಿಟ್ಟಿರುತ್ತಿದ್ದರು. ದೇವರು ಅಂದು ಮಾತಾಡಿ ಇಂದು ಬಾಯಿ ಹೊಲಿದುಕೊಂಡು ಕೂತಿಲ್ಲ ಎಂಬುದು ಅವರ ನಂಬಿಕೆ. ಕೆಲವು ತಿಂಗಳ ಹಿಂದೆ, ಕಾಲುವೆ ಪಕ್ಕದ ಗುಡಿಸಲುಗಳನ್ನು ನಗರಸಭೆ ನೆಲಸಮ ಮಾಡಿದ ವಾರ, ಬಡವನ ದ್ರಾಕ್ಷಿತೋಟಕ್ಕೆ ಕಣ್ಣುಹಾಕಿದ ಅರಸನ ಕಥೆ ಎತ್ತಿಕೊಂಡರು. ಯಾವ ಅರಸ, ಯಾವ ತೋಟ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮರುದಿನವೇ ಬಿಷಪ್ಪರು ಕರೆಸಿದರು. ಅಯ್ಯನವರು ಆಡಿದ್ದ ಮಾತುಗಳನ್ನೇ ಅವರೆದುರು ಗಿಣಿಯಂತೆ ಒಪ್ಪಿಸಿ, "ಪೇಪರ್ ಮನೇಲಿ ಓದಿಕೊಳ್ಳಿ, ಚರ್ಚಿಗೆ ತರಬೇಡಿ," ಎಂದರು. ಯಾರು ಹೇಳಿದರೆಂದು ಕೇಳಿದರೆ ನಕ್ಕರು.

ಅಂದಿನಿಂದ ಅಯ್ಯನವರಿಗೆ ಕಾಮಾಲೆ ಕಣ್ಣು. ಕೊನೆಯ ಬೆಂಚಿನ ತುದಿಯಲ್ಲಿ ಕೂತು, ಪ್ರಸಂಗ ಮುಗಿಯುತ್ತಲೇ ಎದ್ದು ಓಡುವವನು ವಾಚಣ್ಣ ಒಬ್ಬನೇ. ಪರೀಕ್ಷಿಸಿಯೇ ಬಿಡೋಣವೆಂದು ಕೈಗಡಿಯಾರ ತೋರಿಸುವ ನೆಪದಲ್ಲಿ ವಾಚಣ್ಣನ ಅಂಗಡಿಗೆ ಹೋಗಿ, "ಸೋಮವಾರ ಗುಡಿಸಲಿನವರ ಜೊತೆ ನಾನೂ ನಗರಸಭೆ ಮುಂದೆ ಧರಣಿ ಕೂರ್ತೀನಿ. ನಿನ್ನಲ್ಲೇ ಇರಲಿ," ಎಂದು ಬೇಕೆಂದೇ ಸುಳ್ಳೊಂದನ್ನು ಬಿಟ್ಟು ಬಂದರು. ವಾಚಣ್ಣ ತಲೆಯೆತ್ತಿ, "ನೆರಳಲ್ಲಿ ಕೂತ್ಕೊಳ್ಳಿ, ಅಯ್ಯನವರೇ," ಎಂದಿದ್ದ, ಅಷ್ಟೇ. ಸೋಮವಾರದೊಳಗೆ ಬಿಷಪ್ಪರ ಫೋನು ಬಂತು: ಧರಣಿಗಿರಣಿ ಎಲ್ಲ ಬೇಡ.

ಇನ್ನೇನು ಸಾಕ್ಷಿ ಬೇಕು? ಅಯ್ಯನವರು ಖಜಾಂಚಿಗೆ ಮಾತ್ರ ಗುಟ್ಟಾಗಿ ಹೇಳಿದರು. ಖಜಾಂಚಿಗೆ ಗುಟ್ಟು ಹೇಳುವುದೂ ಚರ್ಚಿನ ಗಂಟೆ ಹೊಡೆಯುವುದೂ ಒಂದೇ. ವಾಚಣ್ಣನ ಬೆಂಚಿನಲ್ಲಿ ಬೇರೆ ಯಾರೂ ಕೂರದಾದರು. ಅಂಗಡಿಗೂ ಯಾರೂ ಹೋಗದಾದರು. ಅವನು ಮಾತ್ರ ಭಾನುವಾರ ತಪ್ಪಿಸಲಿಲ್ಲ. ಎಷ್ಟು ಭಂಡ ಧೈರ್ಯ ಎಂದುಕೊಂಡರು ಅಯ್ಯನವರು.

* * *

ಶವದ ಪೆಟ್ಟಿಗೆ ಚರ್ಚಿಗೆ ಬಂದಿತ್ತು. ಪಕ್ಕದ ಪುಟ್ಟ ಕೋಣೆಯಲ್ಲಿ ಅಯ್ಯನವರ ಹೆಂಡತಿ ಅವರ ಬಿಳಿ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಪ್ರತಿ ಪ್ರಸಂಗವನ್ನೂ ಮೊದಲು ಹೆಂಡತಿಯೆದುರು ಗಟ್ಟಿಯಾಗಿ ಹೇಳಿ ನೋಡುವುದು ಅಯ್ಯನವರ ರೂಢಿ. ಇವತ್ತೂ ಹೇಳಿದರು. ಗುರುವಿಗೆ ಮುತ್ತಿಟ್ಟು ಹಿಡಿದುಕೊಟ್ಟ ಶಿಷ್ಯನಿಂದ ಶುರುಮಾಡಿ, ಜೊತೆಯಲ್ಲಿ ಉಂಡು ದ್ರೋಹ ಬಗೆಯುವವರ ತನಕ ಬಂದರು.

ಇಸ್ತ್ರಿಪೆಟ್ಟಿಗೆ ನಿಂತಿತು. "ಅದನ್ನ ಹೇಳಬೇಡಿ, ರೀ."

"ಯಾಕೆ? ನಿಜ ತಾನೇ?"

"ನಿಜ ಅಲ್ಲ. ಬಿಷಪ್ಪರಿಗೆ ಹೇಳಿದ್ದು ನಾನು."

ಅಯ್ಯನವರಿಗೆ ಅರ್ಥವಾಗಲಿಲ್ಲ. ಆಕೆ ನಿಲುವಂಗಿಯ ಮಡಿಕೆ ಸವರುತ್ತಲೇ ಹೇಳಿದರು. "ನಿಮ್ಮ ಪ್ರಸಂಗದ ಸಿಟ್ಟಿಗೆ ನಮ್ಮ ಕಿಟಕಿಗೆ ಕಲ್ಲು ಬಿತ್ತಲ್ಲ, ಅವತ್ತಿಂದ ನಿದ್ದೆ ಇಲ್ಲ ನನಗೆ. ಬಿಷಪ್ಪರಾದ್ರೂ ಹೇಳಿದ್ರೆ ನಿಮ್ಮ ಬಾಯಿಗೆ ಬೀಗ ಬೀಳುತ್ತೆ ಅಂದ್ಕೊಂಡೆ. ಆ ಧರಣಿ ವಿಷಯಾನೂ ನಾನೇ ಹೇಳಿದ್ದು."

"ಅದನ್ನ ನಾನು ವಾಚಣ್ಣನಿಗೆ ಮಾತ್ರ ಹೇಳಿದ್ದು!"

"ಅವತ್ತು ಸಂಜೆ ಇದೇ ಥರ ನನ್ನ ಮುಂದೆ ಹೇಳ್ಕೊಂಡ್ರಿ. ವಾಚಣ್ಣನ ಹತ್ರ ಹೀಗಂದೆ, ನೋಡೋಣ ಏನಾಗುತ್ತೆ ಅಂತ. ಅದು ಬಲೆ ಅಂತ ನನಗೇನು ಗೊತ್ತು?"

ಹೆಂಡತಿಗೆ ಹೇಳಿದ್ದು ಕೂಡ ಹೇಳಿದ್ದರ ಲೆಕ್ಕಕ್ಕೆ ಬರುತ್ತದೆ ಎಂಬುದು ಅವರ ತಲೆಗೆ ಹೊಳೆದಿರಲೇ ಇಲ್ಲ. ಇಷ್ಟು ವರ್ಷ ಗೋಡೆಗೆ ಹೇಳಿದಂತೆ ಹೇಳಿಕೊಂಡು ಬಂದಿದ್ದರು.

"ಅವನ ಹೆಸರು ಕೆಟ್ಟಾಗಲಾದ್ರೂ ಹೇಳಬೇಕಿತ್ತು ನೀನು."

"ಹೇಳಬೇಕಿತ್ತು. ಬಾಯಿ ಬರಲಿಲ್ಲ." ಆಕೆಯ ಕಣ್ಣು ತುಂಬಿ ಬಂದಿತ್ತು. ಅಯ್ಯನವರಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಯಾವುದು ಹೆಚ್ಚೆಂದು ತಿಳಿಯುವ ಮೊದಲೇ ಒಳಗೆ ಹಾಡು ಶುರುವಾಯಿತು.

ಪೀಠ ಹತ್ತಿದರು. ಚರ್ಚು ತುಂಬಿತ್ತು. ಮನೆಗೆ ಬಾರದವರೆಲ್ಲ ಅಯ್ಯನವರು ಏನು ಹೇಳುತ್ತಾರೋ ಕೇಳಲು ಇಲ್ಲಿಗೆ ಬಂದಿದ್ದರು. ಪೆಟ್ಟಿಗೆಯ ಪಕ್ಕದಲ್ಲಿ, ಕುರ್ಚಿ ಸಮೇತ ಹೊತ್ತು ತಂದಿದ್ದ ವಾಚಣ್ಣನ ಹೆಂಡತಿ ಇನ್ನೂ ಗಂಡನ ಮೆಚ್ಚಿನ ಪ್ರಸಂಗಕ್ಕೇ ಕಾದಂತೆ ಮುಖವೆತ್ತಿ ಕೂತಿದ್ದರು.

"ಈ ಮನುಷ್ಯನ ಬಗ್ಗೆ ನಮ್ಮಲ್ಲಿ ಒಂದು ಮಾತಿದೆ," ಎಂದರು ಅಯ್ಯನವರು. "ಅದು ಸುಳ್ಳು. ಹುಟ್ಟಿದ್ದು ನನ್ನ ಬಾಯಲ್ಲಿ. ಚಾಡಿ ಹೇಳಿದವನು ಇವನಲ್ಲ."

ಗುಜುಗುಜು ಎದ್ದಿತು. ಖಜಾಂಚಿ ಕೂತಲ್ಲಿಂದಲೇ ಕೇಳಿದ, "ಹಾಗಾದ್ರೆ ಯಾರು, ಅಯ್ಯನವರೇ?"

ಉತ್ತರ ಕೊಡದಿದ್ದರೆ, ಸತ್ತವನೆಂಬ ಕನಿಕರಕ್ಕೆ ಹಾಗೆಂದರು ಎಂದುಕೊಂಡು ಜನ ಎದ್ದು ಹೋಗುತ್ತಾರೆ. ಕಳಂಕ ಅವನ ಜೊತೆಯಲ್ಲೇ ಮಣ್ಣಿಗೆ ಹೋಗುತ್ತದೆ. ಕೊಟ್ಟರೆ ತಮ್ಮ ಮನೆಯೇ ಬೀದಿಗೆ. ಅಯ್ಯನವರು ಸತ್ಯವೇದದ ಹಾಳೆ ತಿರುವಿದರು. ಇನ್ನೊಂದು ತಿರುವಿದರು.

ಹೆಂಗಸರ ಸಾಲಿನಲ್ಲಿ ಅವರ ಹೆಂಡತಿ ಎದ್ದು ನಿಂತರು. "ನಾನು," ಎಂದರು. "ಹೇಳಿದ್ದು ನಾನು."

ಕುರ್ಚಿಯಲ್ಲಿದ್ದವರು ನಿಧಾನವಾಗಿ ತಿರುಗಿದರು. ತಮ್ಮ ಮನೆಗೆ ಯಾಕೆ ಯಾರೂ ಬರುತ್ತಿರಲಿಲ್ಲ ಎಂಬುದು ಆಗಷ್ಟೇ ಅವರಿಗೆ ತಿಳಿಯುತ್ತಿತ್ತು. "ಯಾಕಮ್ಮ?" ಎಂದರು.

"ಇವರಿಗೆ ಏನಾದ್ರೂ ಆಗಿಬಿಡುತ್ತೆ ಅಂತ ಹೆದರಿಕೆ ಆಯ್ತು."

ವಾಚಣ್ಣನ ಹೆಂಡತಿ ಪೆಟ್ಟಿಗೆಯ ಮೇಲೆ ಕೈಯಿಟ್ಟರು. "ನನಗೂ ಗಂಡ ಇದ್ರು, ಅಮ್ಮನವರೇ," ಎಂದರು.

ಖಜಾಂಚಿ ತನ್ನ ಬೂಟಿನ ಲೇಸು ನೋಡತೊಡಗಿದ. ಹಾಡು ಹಾಡಿಸಬೇಕಾದವರು ಹಾಡಿಸಲಿಲ್ಲ, ಹೊರಬೇಕಾದವರು ಏಳಲಿಲ್ಲ. ಅಯ್ಯನವರ ಹೆಂಡತಿ ಸಾಲಿನಿಂದ ಈಚೆ ಬಂದು ಪೆಟ್ಟಿಗೆಯ ತಲೆಯ ಕಡೆ ಬಗ್ಗಿ, ಹಿಡಿಗೆ ಕೈಹಾಕಿದರು. ಅಯ್ಯನವರು ಪೀಠ ಇಳಿದು ಬಂದು ಆಚೆ ಬದಿಯ ಹಿಡಿಗೆ ಕೈಹಾಕಿದರು. ಕಾಲಿನ ಕಡೆಗೆ ದರ್ಜಿಯೂ ಇನ್ನೊಬ್ಬನೂ ಬಂದರು. ಪೆಟ್ಟಿಗೆ ಮೇಲೆದ್ದಿತು, ಆದರೆ ಸಮವಾಗಿ ಏಳಲಿಲ್ಲ. ಹೆಂಡತಿಯ ಕಡೆ ಎತ್ತರವಾಗಿ, ಅಯ್ಯನವರ ಕಡೆಗೆ ವಾಲಿಕೊಂಡೇ ಬಾಗಿಲು ದಾಟಿತು.