ಏಳನೆಯ ಗ್ರೀನ್

"ಇದನ್ನ ನೀವೇ ಹಿಡೀಬೇಕು ರೆನಿ ಅವ್ರೇ," ಎಂದು ಮೋರಾಗ್ ಗಂಡನ ಶವಪೆಟ್ಟಿಗೆಯ ತಲೆಭಾಗದ ಹಗ್ಗವನ್ನು ಗಾಲ್ಫ್ ಕ್ಲಬ್ಬಿನ ಅಧ್ಯಕ್ಷನ ಕೈಗೆ ತುರುಕಿದಳು. ಸ್ಕಾಟ್ಲೆಂಡಿನ ನಮ್ಮ ಈ ಗುಡ್ಡಗಳಲ್ಲಿ ತಲೆಯ ಹಗ್ಗ ಹಿಡಿದು ಗುಂಡಿಗೆ ಇಳಿಸುವವನು ಮಗ, ಇಲ್ಲವೇ ಒಡಹುಟ್ಟಿದವನು. ಫಾರ್ಕರನಿಗೆ ಇಬ್ಬರೂ ಇರಲಿಲ್ಲ. ಇದ್ದದ್ದು ಹೆಂಡತಿ, ಮತ್ತು ಅವನು ಆಯುಷ್ಯವಿಡೀ ಹುಲ್ಲು ನೋಡಿಕೊಂಡ ಆ ಗಾಲ್ಫ್ ಮೈದಾನ.

ರೆನಿ ಕೈ ಹಿಂದಕ್ಕೆಳೆದ. "ಬೇಡ ಮೋರಾಗ್."

"ಮೈದಾನ ಉಳಿಸ್ತೀನಿ ಅಂತ ಒಂದು ಮಾತು ಹೇಳಿ, ಸಾಕು. ಈ ಬೇಸಿಗೆವರೆಗಾದ್ರೂ."

ಫಾರ್ಕರನ ಜೊತೆಗೆಲಸಗಾರ ಡೂಗಲ್ ಪಕ್ಕದಿಂದ ಗದರಿದ: "ಕೇಳ್ತಾ ಇದಾಳಲ್ಲ, ಬಾಯಿಗೆ ಬೀಗ ಬಿತ್ತಾ?"

*

ಮಾರ್ಚಿನಲ್ಲಿ ಹಿಮ ಕರಗಿದಾಗ ಏಳನೆಯ ಗ್ರೀನ್, ಚೆಂಡು ಉರುಳಿ ಕುಳಿ ಸೇರುವ ಆ ನುಣುಪು ಹಾಸು, ಬೂಷ್ಟು ಹಿಡಿದು ಕೊಳೆತಿತ್ತು. ಹಿಮ ಉಳಿಸಿದ್ದನ್ನು ಕಾಡುಹಂದಿಗಳು ಗೊಣ್ಣೆಹುಳಕ್ಕಾಗಿ ಮಗುಚಿಹಾಕಿದ್ದವು. ಬೇರೆ ಗ್ರೀನ್‌ಗಳ ಆಸೆಯನ್ನೇ ಬಿಟ್ಟ ಫಾರ್ಕರ್, ಇಲ್ಲಿ ಮಾತ್ರ ಕೊಳೆತದ್ದನ್ನು ಕೆತ್ತಿ, ಶೆಡ್ಡಿನ ಹಿಂದೆ ಬೆಳೆಸಿದ್ದ ಹುಲ್ಲಿನ ತುಂಡುಗಳನ್ನು ಕೂರಿಸುತ್ತಿದ್ದ.

ಚಹಾ ತಂದ ಮೋರಾಗ್ ಸಿಡುಕಿದಳು. "ಎದೆ ನೋಡಿ ಡಾಕ್ಟ್ರು ಏನಂದ್ರು, ನೆನಪಿದ್ಯಾ?"

"ಹಂದಿಗೂ ಹೇಳು ಹೋಗು, ಅದೂ ರಜಾ ತಗೊಳ್ಲಿ."

"ಯಾರಿಗೋಸ್ಕರ ಸಾಯ್ತೀಯ?"

"ಇದೊಂದು ಹಸಿರಾದ್ರೆ ಮೈದಾನ ಮುಚ್ಚಲ್ಲ ಕಣೇ. ನೋಡಿದ್ರೆ ಕ್ಲಬ್ಬಿನವರಿಗೇ ಮನಸ್ಸು ಬರಲ್ಲ."

ಏಪ್ರಿಲ್ ಕೊನೆಗೆ ಹಸಿರಾಯಿತು. ಅದರ ಅಂಚಿನಲ್ಲೇ ಫಾರ್ಕರ್ ಸತ್ತುಬಿದ್ದಿದ್ದ. ಪಾಪ, ಉಗುರಿನಲ್ಲಿ ಇನ್ನೂ ಮಣ್ಣಿತ್ತು.

*

"ಮೈದಾನ ಮಾರಾಟ ಆಗಿದೆ," ಎಂದ ರೆನಿ ಕೊನೆಗೂ, ಗುಂಡಿಯ ಪಕ್ಕ ನಿಂತು. "ಚಳಿಗಾಲದಲ್ಲೇ. ಪ್ರವಾಸಿಗಳಿಗೆ ಮನೆ ಕಟ್ತಾರಂತೆ. ಸೋಮವಾರ ಯಂತ್ರ ಬರುತ್ತೆ."

"ಅವನಿಗೆ ಹೇಳ್ಬಹುದಿತ್ತಲ್ಲ!"

"ಅಷ್ಟು ಖುಷಿಯಾಗಿ ಕೆಲಸ ಮಾಡ್ತಿದ್ದ. ಹೇಳೋಕೆ ಬಾಯಿ ಬರ್ಲಿಲ್ಲ."

ಥೂ, ಎಂಥ ಕರುಣೆ! ಸಾಯುವವರೆಗೂ ದುಡಿಸಿದ ಕರುಣೆ.

ಮೋರಾಗ್ ಅಳಲಿಲ್ಲ. ಹಗ್ಗವನ್ನು ತಾನೇ ಕೈಗೆ ಸುತ್ತಿಕೊಂಡಳು. "ಡೂಗಲ್, ಹೋಗಿ ಏಳನೇದನ್ನ ಕತ್ತರಿಸಿ ತಾ."

"ಅದನ್ನಾ? ಅದರ ಮೇಲೆ ಬೂಟು ಇಡೋಕೂ ಬಿಡ್ತಿರ್ಲಿಲ್ಲ ಅವನು."

"ಮತ್ತೆ ಯಂತ್ರಕ್ಕೆ ಬಿಡೋದಾ? ತಂದು ಅವನ ಮೇಲೇ ಹಾಸು."

ಪ್ರಾರ್ಥನೆ ಮುಗಿದು ಮಣ್ಣು ಮುಚ್ಚುವಷ್ಟರಲ್ಲಿ ಡೂಗಲ್ ತಳ್ಳುಗಾಡಿಯಲ್ಲಿ ಹುಲ್ಲಿನ ಸುರುಳಿಗಳನ್ನು ತಂದ. ಮೋರಾಗ್ ಒಂದೊಂದೇ ಹಾಸಿ, ಸಂದುಗಳನ್ನು ಅಂಗೈಯಿಂದ ಒತ್ತಿದಳು.

"ಬೇರು ಹಿಡಿದಿತ್ತು ಮೋರಾಗ್," ಎಂದ ಡೂಗಲ್. "ಎಳೆದ್ರೆ ಬರ್ಲಿಲ್ಲ. ಕೊಯ್ಯಬೇಕಾಯ್ತು."

ಸ್ಮಶಾನದ ಗೋಡೆಯಾಚೆ, ಕೆಳಗೆ, ಮೈದಾನ ಕಾಣುತ್ತಿತ್ತು. ಕಂದು ನೆಲದ ನಡುವಿನ ಆ ಒಂದೇ ಹಸಿರಿನಲ್ಲಿ ಆಳುದ್ದದ ಕಪ್ಪು ಮಣ್ಣು ತೆರೆದುಕೊಂಡಿತ್ತು. ಕಾಗೆಗಳು ಆಗಲೇ ಇಳಿದು ಹುಳ ಹೆಕ್ಕುತ್ತಿದ್ದವು.