ಕುರಿ ಹೋಗದ ಗುಡ್ಡ

ಸಹಲಿಗೆ, ಅಂದರೆ ಶಾಲೆಯ ಪ್ರವಾಸಕ್ಕೆ, ಎಲ್ಲಿಗೆ ಹೋಗೋಣ ಎಂದು ಸೋಮನಿಂಗಪ್ಪ ಗುರುಜಿ ಕೇಳಿದ್ದೇ ತಡ, ಗಂಡುಹುಡುಗರ ಬೆಂಚುಗಳಿಂದ ಹನ್ನೊಂದು ಹೆಸರು ಬಂದವು. ಮಹಾಬಳೇಶ್ವರವಂತೆ, ಪನ್ಹಾಳವಂತೆ, ಗೋಕಾಕವಂತೆ. ಒಬ್ಬನಂತೂ ಕಾಶ್ಮೀರ ಎಂದ. ಗುರುಜಿ ಎಲ್ಲವನ್ನೂ ಹಲಗೆಯ ಮೇಲೆ ಚೆಂದಾಗಿ ಬರೆದರು. ಆಮೇಲೆ, ಈ ಸಲ ಎಸ್‌ಟಿ ಬಸ್ಸು ಸಿಕ್ಕಿಲ್ಲ, ನಡೆದು ಹೋಗಿ ಸಂಜೆಯೊಳಗೆ ತಿರುಗಿ ಬರುವಂಥ ಜಾಗ ಹೇಳಿ ಎಂದು ಹನ್ನೊಂದನ್ನೂ ಒರೆಸಿಬಿಟ್ಟರು. ಕಾಶ್ಮೀರದ ಹುಡುಗನ ಮುಖ ನೋಡಬೇಕಿತ್ತು!

ಅದು ಅರವತ್ತೊಂಬತ್ತನೇ ಇಸವಿ. ಹಸ್ತಾ ಮಳೆ ಮೂರು ದಿನ ಬಿಡದೆ ಹೊಡೆದು ಹಿಂದಿನ ದಿನವಷ್ಟೇ ನಿಂತಿತ್ತು. ಒಂಬತ್ತನೇ ಇಯತ್ತೆಯಲ್ಲಿ ನಾವು ಹುಡುಗಿಯರು ಐದೇ ಜನ. ಸಹಲಿನ ಮಾತು ಬಂದಾಗ ನಾವು ಕಿಟಕಿಯಾಚೆ ನೋಡುತ್ತ ಕೂರುವುದು ರೂಢಿ. ಯಾಕೆಂದರೆ ಸಹಲು ಗಂಡುಹುಡುಗರಿಗೆ. ಆ ದಿನ ನಮಗೆ ಕಸೂತಿ.

ನನ್ನ ಪಕ್ಕದಲ್ಲಿ ಕೂತಿದ್ದ ದುಂಡವ್ವ ಎದ್ದು ನಿಂತಳು.

"ಗುರುಜಿ, ದಬದಬಿ ನೋಡಾಕ ಹೋಗೂಣ್ರಿ."

ಇಡೀ ವರ್ಗ ನಕ್ಕಿತು. ನಮ್ಮ ಜತ್ತ ತಾಲೂಕಿನಲ್ಲಿ ಕೊಡ ತುಂಬುವಷ್ಟು ನೀರು ಸಿಕ್ಕರೆ ಹೆಚ್ಚು, ಮೇಲಿಂದ ಧುಮುಕುವ ನೀರು ಎಲ್ಲಿಂದ ಬರಬೇಕು?

"ಆಕಿ ಅವ್ವ ಕೊಡಾ ಬಗ್ಗಸಿದ್ದ ನೋಡಿರಬೇಕ್ರಿ, ಗುರುಜಿ!" ಎಂದ ತಮ್ಮಣ್ಣ. ಅವನು ವರ್ಗದ ಮಾನಿಟರ್. ನಗಿಸುವುದೂ ಅವನದೇ ಕೆಲಸ.

ದುಂಡವ್ವ ಅವನ ಕಡೆ ತಿರುಗಲೂ ಇಲ್ಲ. "ಹದ್ದಿನ ಗುಡ್ಡದ ಕಡೆ ಐತ್ರಿ. ಮಳಿ ನಿಂತ ಮ್ಯಾಲ ನಾಕ ದಿನಾ ಅಷ್ಟ ಬೀಳತೈತಿ. ಮ್ಯಾಲ ಹತ್ತಿ ನಿಂತ್ರ ಸೊರಡಿ ಊರ ತನಕ ಕಾಣತೈತ್ರಿ."

"ನೀ ನೋಡೀಯೇನು?"

"ಇಲ್ರಿ. ನಮ್ಮ ಕಾಕಾ ನೋಡ್ಯಾನ್ರಿ. ನನ್ನ ಯಾರ ಕರಕೊಂಡ ಹೋಗ್ಯಾರ?"

ಅವಳ ಕಾಕಾ ಅಮಸಿದ್ದ ಮಾಡಗ್ಯಾಳ ತಳಿಯ ಕುರಿ ಕಾಯುವವನು. ಮಳೆಗೆ ಮುಂಚೆಯೇ ಮಂದೆ ಹೊಡೆದುಕೊಂಡು ಹೋದವನು ಇನ್ನೂ ಮನೆಗೆ ಬಂದಿರಲಿಲ್ಲ.

"ಹುಡುಗ್ಯಾರು ಸಹಲಿಗೆ ಯಾವಾಗ ಬಂದಾರವಾ?" ಎಂದರು ಗುರುಜಿ.

"ಬಂದಿಲ್ರಿ. ಅದಕ್ಕ ಈ ಸಲ ಬರತೀವ್ರಿ."

ಗುರುಜಿ ಹಲಗೆಗೆ ಬರೆಯುವ ಖಡುವನ್ನು ಬೆರಳಲ್ಲಿ ಎರಡು ಸಲ ತಿರುಗಿಸಿದರು. "ಆತು. ದಬದಬಿ ಕಂಡ್ರ ಇನ್ನ ಮ್ಯಾಲ ಪ್ರತಿ ವರ್ಷಾ ನೀವೂ ಬರ್ರಿ. ಕಾಣಲಿಲ್ಲಂದ್ರ ಈ ಸಾಲ್ಯಾಗ ಹುಡುಗ್ಯಾರು ಸಹಲಿನ ಹೆಸರ ಎತ್ತಬಾರದು. ಕಬೂಲ?"

"ಕಬೂಲ್ರಿ," ಎಂದಳು ದುಂಡವ್ವ. ನಮ್ಮನ್ನು ಒಂದು ಮಾತೂ ಕೇಳಲಿಲ್ಲ!

ರವಿವಾರ ಬೆಳಿಗ್ಗೆ ಹೊರಟೆವು. ಎಲ್ಲರಿಗಿಂತ ಮುಂದೆ ಸೀಟಿ ಕೊರಳಿಗೆ ಹಾಕಿಕೊಂಡ ಗುರುಜಿ, ಅವರ ಹಿಂದೆ ಇಪ್ಪತ್ತೆರಡು ಗಂಡುಹುಡುಗರು, ಅವರ ಹಿಂದೆ ನಾವು ಐವರು, ಕೊನೆಗೆ ಶಾಲೆಯಲ್ಲಿ ನೀರು ತುಂಬುವ ಮಲಕವ್ವ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಜುಣಕದ ಗಂಟುಗಳು ನಮ್ಮ ತಲೆಯ ಮೇಲೆ. ಗಂಡಸರು ಮುಂದೆ, ಹೆಂಗಸರು ಹಿಂದೆ, ಬುತ್ತಿ ಹೆಂಗಸರ ತಲೆಯ ಮೇಲೆ. ಹೊಲಕ್ಕೆ ಹೋದರೂ ಹೀಗೇ, ಮದುವೆಗೆ ಹೋದರೂ ಹೀಗೇ. ಯಾರೂ ಹಾಗೆ ನಿಲ್ಲಿ ಎಂದು ಹೇಳಲಿಲ್ಲ. ತಾನಾಗಿಯೇ ಸಾಲು ಹಾಗಾಯಿತು.

ಎರಡು ತಾಸು ನಡೆದ ಮೇಲೆ ಒಂದು ಬೇವಿನ ಮರದ ಹತ್ತಿರ ದಾರಿ ಕವಲಾಯಿತು. ಎಡಕ್ಕೊಂದು ಗುಡ್ಡ, ಬಲಕ್ಕೊಂದು ಗುಡ್ಡ. ದುಂಡವ್ವನಿಗೂ ಇಲ್ಲಿಯವರೆಗೆ ಮಾತ್ರ ಗೊತ್ತಿತ್ತು. ಎಡದ ದಾರಿಯ ಮೇಲೆ ನೂರಾರು ಗೊರಸಿನ ಗುರುತು, ಇನ್ನೂ ಒಣಗದ ಹಿಕ್ಕೆ. ಬಲದ ದಾರಿಯ ಮೇಲೆ ಏನೂ ಇಲ್ಲ.

"ಕುರಿ ಹೋದಲ್ಲೆ ನೀರ ಇರತಾವ್ರಿ!" ತಮ್ಮಣ್ಣ ಎಡಕ್ಕೆ ಕೈ ಮಾಡಿದ. ಎಲ್ಲರೂ ಹೌದೆಂದರು. ನಿಜ ಹೇಳಬೇಕೆಂದರೆ ನಾನೂ ತಲೆಯಾಡಿಸಿದೆ. ನಮ್ಮಪ್ಪನದು ಕಿರಾಣಿ ಅಂಗಡಿ, ಕುರಿಯ ವಿಷಯ ನನಗೇನು ಗೊತ್ತು?

ದುಂಡವ್ವ ಕೂತು ಆ ಗುರುತುಗಳನ್ನು ನೋಡಿದಳು. ಎದ್ದು, "ಬಲಕ್ಕ ಹೋಗೂಣು," ಎಂದಳು.

"ಯಾಕವಾ?"

"ಇವು ನಮ್ಮ ಕಾಕಾನ ಕುರಿ ಇರಬೇಕ್ರಿ. ಮಳಿಗಾಲದಾಗ ನೀರ ಎಲ್ಲಿ ಬೇಕಾದಲ್ಲೆ ಅದಾವು, ಕುರಿ ನೀರ ಹುಡಕಾಂಗಿಲ್ಲ. ಹಸಿ ನೆಲದಾಗ ನಿಂತ್ರ ಗೊರಸ ಕೊಳಿತಾವ್ರಿ. ಕಾಕಾ ಎಲ್ಲಿ ಭಾಳ ಒಣಾ ನೆಲ ಐತಿ, ಅಲ್ಲೆ ಹೊಡಕೊಂಡ ಹೋಗ್ತಾನ. ಕುರಿ ಎಡಕ್ಕ ಹೋಗ್ಯಾವಂದ್ರ ನೀರ ಬಲಕ್ಕ ಐತಿ."

"ಭಲೇ! ಕುರಿ ಇರಲಾರದಲ್ಲೆ ನೀರು!" ತಮ್ಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಗಾರ ನಮ್ಮ ಸಾಲ್ಯಾಗೂ ಕುರಿ ಇಲ್ಲ, ಅಲ್ಲೇ ಇರಬೇಕ ದಬದಬಿ!"

ಗುರುಜಿ ಸೀಟಿ ಊದಿದರು. "ನಾವು ಎಡಕ್ಕ. ನಿಮಗ ಹಟಾ ಇದ್ರ ಮಲಕವ್ವನ ಕರಕೊಂಡ ಬಲಕ್ಕ ಹೋಗ್ರಿ. ಮಾತ ನೆಪ್ಪ ಇರಲಿ."

ಅವರು ಎಡಕ್ಕೆ ಹೋದರು. ನಾವು ಬಲಕ್ಕೆ. ಎಲ್ಲರ ಬುತ್ತಿಯೂ ನಮ್ಮ ತಲೆಯ ಮೇಲೇ ಇದೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಬಲದ ಗುಡ್ಡದಲ್ಲಿ ದಾರಿಯೇ ಇರಲಿಲ್ಲ. ಜಾಲಿಮುಳ್ಳು, ಜಾರುವ ಕಲ್ಲು, ಬಿಸಿಲು. ಅರ್ಧ ತಾಸಾದರೂ ಒಂದು ಹನಿ ನೀರಿಲ್ಲ. ನಾನು ಎರಡು ಸಲ ಬಿದ್ದೆ. ಗಂಟು ಮಾತ್ರ ಬಿಡಲಿಲ್ಲ.

"ದುಂಡಿ, ಇಲ್ಲೂ ಒಣಾನ ಐತಲ್ಲ," ಎಂದೆ. "ನೀ ಯಾಕರೆ ಕಬೂಲ ಅಂದಿ? ಹಿಂದ ಬರೂ ಹುಡುಗ್ಯಾರೆಲ್ಲಾ ನಮಗ ಬೈತಾರ."

"ಅಂದಿದ್ದಿಲ್ಲಂದ್ರ ಬೈತಿದ್ದಿಲ್ಲೇನು?" ಎಂದು ಮೇಲಕ್ಕೆ ಹತ್ತಿದಳು.

ಆಗ ಮಲಕವ್ವ ಬಗ್ಗಿ ಒಂದು ಕಲ್ಲನ್ನು ಮುಟ್ಟಿದಳು. "ಹಸಿ ಐತಿ."

ಅದರ ಮೇಲಿನ ಕಲ್ಲೂ ಹಸಿ. ಅದರ ಮೇಲಿನದು ಪಾಚಿ. ನಾವು ಉಸಿರು ಹಿಡಿದು ಕಿವಿಗೊಟ್ಟೆವು. ಯಾರೋ ದೂರದಲ್ಲಿ ಜೋಳ ಕೇರಿದ ಹಾಗೆ ಸದ್ದು. ಐವರೂ ಓಡಿದೆವು, ಗಂಟು ಹಿಡಿದುಕೊಂಡೇ! ಬಂಡೆ ಸುತ್ತಿ ಆಚೆ ಹೋದರೆ, ಎರಡಾಳು ಎತ್ತರದಿಂದ ನೀರು ದಬದಬ ಬೀಳುತ್ತಿತ್ತು. ಚಹಾದ ಬಣ್ಣದ ನೀರು, ಅಗಲವೂ ಅಷ್ಟಕ್ಕಷ್ಟೆ. ನಾವೋ ಕುಣಿದದ್ದೇ ಕುಣಿದದ್ದು. ದುಂಡವ್ವ ಮಾತ್ರ ಸುಮ್ಮನೆ ಹೋಗಿ ಅದರ ಕೆಳಗೆ ನಿಂತಳು, ಹೆಣಲು, ಲಂಗ, ಪೋಲಕಾ ಎಲ್ಲ ತೋಯುವ ತನಕ.

ಆಮೇಲೆ ತುದಿಗೆ ಹತ್ತಿದೆವು. ಹೌದು, ಸೊರಡಿ ಕಂಡಿತು. ಎದುರಿನ ಗುಡ್ಡವೂ ಕಂಡಿತು. ಕೆಂಪು ಕಲ್ಲುನೆಲದ ಮೇಲೆ ಕುರಿಗಳು, ನಡುವೆ ಕಂಬಳಿ ಹೊದ್ದ ಒಬ್ಬ, ಅವನ ಸುತ್ತ ಇರುವೆಗಳಂತೆ ನಮ್ಮ ಶಾಲೆಯ ಗಂಡುಹುಡುಗರು.

"ಹಸದಿರಬೇಕ ಪಾಪ," ಎಂದಳು ಮಲಕವ್ವ. ಎಲ್ಲರ ಬುತ್ತಿಯೂ ನಮ್ಮ ಹತ್ತಿರವೇ ಉಳಿದಿದೆ ಎಂದು ನಮಗೆ ಹೊಳೆದದ್ದು ಆಗಲೇ. ಎಷ್ಟು ನಕ್ಕೆವೆಂದರೆ ಮಲಕವ್ವನಿಗೆ ಬಿಕ್ಕಳಿಕೆ ಹತ್ತಿತು. ನಮ್ಮ ಪಾಲಿನದು ತಿಂದೆವು. ಉಳಿದದ್ದನ್ನು ಕೆಳಗೆ ಒಯ್ಯೋಣ ಎಂದು ನಾನು ಗಂಟು ಕಟ್ಟಲು ಹೋದರೆ ದುಂಡವ್ವ ಕೈ ಹಿಡಿದಳು. "ಇಲ್ಲೇ ಇರಲಿ. ಮಲಕವ್ವ ಅತ್ತಿ ಕಾಯ್ತಾಳ."

ನಾವಿಬ್ಬರೇ ಬೇವಿನ ಮರಕ್ಕೆ ಇಳಿದು ಬಂದೆವು. ಅವರು ಆಗಲೇ ಅಲ್ಲಿ ಬಂದು ನೆರಳಿಗೆ ಬಿದ್ದಿದ್ದರು. ಗುರುಜಿ ನಮ್ಮ ತೋಯ್ದ ಬಟ್ಟೆ ನೋಡಿದರು. ಆದರೂ ಮೊದಲು ಕೇಳಿದ್ದು ಬೇರೆ.

"ಬುತ್ತಿ ಎಲ್ಲಿ?"

"ದಬದಬಿ ಹತ್ರ ಐತ್ರಿ."

"ಅಮಸಿದ್ದ ಕಾಕಾ ನಮಗ ಭಾಳ ನಕ್ಕಾನ," ಎಂದ ತಮ್ಮಣ್ಣ, ಕಾಲು ತಿಕ್ಕಿಕೊಳ್ಳುತ್ತ. "'ನೀರ ತಪ್ಪಸಾಕ ನಾ ಇಲ್ಲಿ ಬಂದೇನಿ, ನೀವು ನೀರ ಹುಡುಕ್ಕೋತ ಇಲ್ಲೆ ಬಂದೀರೇನ್ರೋ' ಅಂದಾ. ಏ ದುಂಡವ್ವಾ, ಒಂದೊಂದರೆ ರೊಟ್ಟಿ ಉಳಿಸೀರಿಲ್ಲೋ?"

"ಹತ್ತಿ ನೋಡು."

ಗುರುಜಿ ಸೀಟಿ ಊದಿ ಬಲದ ದಾರಿಗೆ ಮುಂದಾಗಿ ನಿಂತರು. ಹುಡುಗರು ಅವರ ಹಿಂದೆ ಸಾಲಾದರು. ದುಂಡವ್ವ ಮರದ ಬುಡದಿಂದ ಅಲುಗಲಿಲ್ಲ.

"ನಡಿಯವಾ."

"ದಾರಿ ನಿಮಗ ಗೊತ್ತೈತೇನ್ರಿ, ಗುರುಜಿ?"

ಯಾರದೋ ಹೊಟ್ಟೆ ಗುರ್ರೆಂದಿತು. ಗುರುಜಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಅಲ್ಲಿ ಜಾಲಿಮುಳ್ಳಿತ್ತು, ಇನ್ನೊಂದು ಹೆಜ್ಜೆ ಸರಿದರು. ದುಂಡವ್ವ ಅವರನ್ನು ದಾಟಿ ಮುಂದೆ ಹೋದಳು, ಅವಳ ಹಿಂದೆ ನಾನು, ನಮ್ಮ ಹಿಂದೆ ಇಪ್ಪತ್ತಮೂರು ಜನ ಗಂಡಸರು.

ತಿರುಗಿ ಬರುವಾಗಲೂ ಅದೇ ಸಾಲು. ಖಾಲಿ ಗಂಟುಗಳು ತಮ್ಮಣ್ಣನ ತಲೆಯ ಮೇಲೆ. ಊರು ಕಂಡೊಡನೆ ಗುರುಜಿ ಮೆಲ್ಲಗೆ, "ಚಾವಡಿ ಬಂತು, ಇನ್ನ ಹುಡುಗ್ಯಾರು ಹಿಂದ ಬರ್ರಿ," ಎಂದರು.

ದುಂಡವ್ವ ಇನ್ನೂ ಜೋರಾಗಿ ಹೆಜ್ಜೆ ಹಾಕಿದಳು. ನಾವೂ ಹಾಕಿದೆವು.

ಚಾವಡಿ ಕಟ್ಟೆಯ ಮೇಲೆ ಕೂತಿದ್ದ ಭರಮಣ್ಣ ಮುತ್ಯಾ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. "ಎಲ್ಲಿ ಹೋಗಿದ್ರಿ ತಂಗೀ?"

"ದಬದಬಿ ನೋಡಾಕ, ಮುತ್ಯಾ."

"ಮತ್ತ ಇವರು?"

ದುಂಡವ್ವ ನಿಲ್ಲಲಿಲ್ಲ, ತಿರುಗಲೂ ಇಲ್ಲ.

"ಇವರು ನಮ್ಮ ಹಿಂದ ಬಂದಾರ."