ಮಾವನ ಎದುರು

ಹುನ್ನೂರ ಪಂಚಾಯ್ತಿಯಲ್ಲಿ ಹೆಂಗಸಿಗೊಂದು ಜಾಗ ಇರಲೇಬೇಕೆಂದು ಮುಂಬೈ ಸರಕಾರ ಹೇಳಿದಾಗ, ಅಮಸಿದ್ದಪ್ಪ ತನ್ನ ಸೊಸೆ ತಂಗೆವ್ವನ ಹೆಸರು ಬರೆಸಿ ಬಂದ. ಅವಳನ್ನೇ ಆರಿಸಿದ್ದಕ್ಕೆ ಕಾರಣ ಒಂದೇ: ಅವಳು ಮಾತಾಡುವುದಿಲ್ಲ. ಮದುವೆಯಾಗಿ ಎಂಟು ವರ್ಷವಾದರೂ ಮಾವನೆದುರು ಅವಳ ಬಾಯಿಂದ ಒಂದು ಸೊಲ್ಲು ಹೊರಟಿರಲಿಲ್ಲ. ಆ ಕುರುಬರ ಓಣಿಯಲ್ಲಿ ಸೊಸೆಯಾದವಳ ಮರ್ಯಾದೆಯೇ ಅದು. ಮಾವನೂ ಅಷ್ಟೇ, ಅವಳಿಗೆ ಹೇಳುವುದನ್ನೆಲ್ಲ ಹೆಂಡತಿಗೆ ಹೇಳುತ್ತಿದ್ದ. ಸಭೆಯಲ್ಲಿ ಅವಳು ಹೆಬ್ಬೆಟ್ಟು ಒತ್ತಬೇಕು, ಮಾತಿಗೆ ತಾನಿದ್ದೇನೆ ಎಂಬುದು ಮುದುಕನ ಲೆಕ್ಕಾಚಾರ.

ಲೆಕ್ಕಾಚಾರ ಕೆಟ್ಟಿದ್ದು ಕುರಣದ ವಿಷಯದಲ್ಲಿ. ಸಂಸ್ಥಾನದ ಕಾಲದಿಂದ ಕುರಿ ಮೇಯುತ್ತಿದ್ದ ಆ ಹುಲ್ಲುಗಾವಲನ್ನು ಉತ್ತು ಕಬ್ಬು ಹಚ್ಚಬೇಕೆಂದು ಪಂಚಾಯ್ತಿಯ ಚೇರಮನ್ ಶಿವಯೋಗೆಪ್ಪ ಅರ್ಜಿ ಹಾಕಿದ. ಉಳಿದ ಮೆಂಬರರೆಲ್ಲ ಅವನ ಕಡೆ. ಜಮಖಂಡಿ ಕಚೇರಿಯಲ್ಲಿ ವಿಚಾರಣೆ ಇಟ್ಟ ಪ್ರಾಂತ ಸಾಹೇಬರು, ಮೆಂಬರರು ತಾವೇ ಎದ್ದು ಮಾತಾಡಬೇಕು, ಬೇರೆಯವರ ಮಾತು ಕೇಳುವುದಿಲ್ಲ ಎಂದು ಹೇಳಿ ಕಳಿಸಿದರು. ಕುರಿಯವರ ಪಾಲಿಗಿದ್ದ ಮೆಂಬರು ತಂಗೆವ್ವ ಒಬ್ಬಳೇ. ಅವಳು ಬಾಯಿ ತೆರೆಯದಿದ್ದರೆ ಕುರಣ ಹೋಯಿತು, ಅದರ ಹಿಂದೆಯೇ ಕುರಿಯೂ ಹೋಯಿತು. ಅವಳ ಗಂಡ ಧರೆಪ್ಪ ಹಿಂಡು ಹೊಡೆದುಕೊಂಡು ಮುಧೋಳದ ಕಡೆ ಹೋಗಿದ್ದ. ಅಮಸಿದ್ದಪ್ಪನಿಗೆ ಅನ್ನ ಸೇರದಾಯಿತು.

ಅತ್ತೆ ಹಣಮವ್ವ ಮಾತ್ರ ಹೊಟ್ಟೆ ತುಂಬ ಉಂಡು, ಸೊಸೆಯನ್ನು ಕುರಣಕ್ಕೆ ಕರೆದೊಯ್ದಳು. ತಂಗೆವ್ವನ ಗಂಟಲಿಗೇನೂ ಧಾಡಿಯಿರಲಿಲ್ಲ. ತಪ್ಪಿಸಿಕೊಂಡ ಕುರಿಯನ್ನು ಅವಳು ಕೂಗಿದರೆ ಹಳ್ಳದಾಚೆಯವರು ತಿರುಗಿ ನೋಡುತ್ತಿದ್ದರು. ಮನುಷ್ಯರ ಮುಂದೆ ಮಾತಾಡು ಎಂದೊಡನೆ ಮಾತ್ರ ಕತ್ತು ಬಾಗುತ್ತಿತ್ತು, ಸೆರಗಿನ ಅಂಚು ಹಲ್ಲಿಗೆ ಹೋಗುತ್ತಿತ್ತು, ಮೈಯೆಲ್ಲ ಒಂದು ಕಾಲಿನ ಮೇಲೆ ವಾಲುತ್ತಿತ್ತು. ಹಣಮವ್ವ ಆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಎರಡೂ ಕಾಲೂರಿ ನಿಲ್ಲಿಸಿದಳು, ಮಾತಿನ ಕೊನೆ ನುಂಗಬೇಡವೆಂದು ಗದರಿದಳು. ಕೈ ಎಲ್ಲಿಡಲಿ ಎಂದು ಸೊಸೆ ಒದ್ದಾಡಿದ್ದಕ್ಕೆ, ಸುಮ್ಮನೆ ಇಳಿಬಿಡು, ಬೇಕಾದಾಗ ಅದೇ ಏಳುತ್ತದೆ ಎಂದಳು.

ದೊಡ್ಡ ಅಡ್ಡಿ ಆಗಲೂ ಉಳಿದೇ ಇತ್ತು. ಕಚೇರಿಯಲ್ಲಿ ಮಾವನೂ ಇರುತ್ತಾನಲ್ಲ. ಮರುದಿನ ಹಣಮವ್ವ ಗಂಡನ ರುಮಾಲು ಸುತ್ತಿ, ಅವನ ಕಂಬಳಿ ಹೊದ್ದು, ಕಲ್ಲಿನ ಮೇಲೆ ಕೂತು ಥೇಟ್ ಅವನ ಹಾಗೆಯೇ ಕೆಮ್ಮಿದಳು. ತಂಗೆವ್ವ ಬಿದ್ದು ಬಿದ್ದು ನಕ್ಕಳು.

"ನಗಬ್ಯಾಡ. ನಾ ಈಗ ನಿಮ್ಮ ಮಾವ," ಎಂದಳು ಹಣಮವ್ವ. "ನನ್ನ ಮಾರಿ ನೋಡಿ ಮಾತಾಡು."

ನಗು ಅಲ್ಲಿಗೇ ನಿಂತಿತು. ರುಮಾಲಿನ ಕೆಳಗಿರುವುದು ಅತ್ತೆಯ ಮುಖವೆಂದು ಗೊತ್ತಿದ್ದೂ ದನಿ ಹೊರಡಲಿಲ್ಲ. ಅತ್ತೆ ಬಿಡುವ ಪೈಕಿ ಅಲ್ಲ, ದಿನವೂ ಕರೆದೊಯ್ದಳು. ವಿಚಾರಣೆಯ ಹೊತ್ತಿಗೆ ತಂಗೆವ್ವ ಆ ರುಮಾಲಿನ ಮಾವನ ಜೊತೆ ಕಣ್ಣಲ್ಲಿ ಕಣ್ಣಿಟ್ಟು ಜಗಳವಾಡುವಷ್ಟು ಗಟ್ಟಿಯಾಗಿದ್ದಳು.

ಆದರೆ ಕಚೇರಿಯಲ್ಲಿ ಕೂತದ್ದು ಖರೇ ಮಾವ. ಮೊದಲು ಶಿವಯೋಗೆಪ್ಪ ಕೋಟಿನ ಕಿಸೆಗೆ ಕೈಯಿಟ್ಟುಕೊಂಡು ಸೊಗಸಾಗಿ ಮಾತಾಡಿದ. ಆಮೇಲೆ ತಂಗೆವ್ವನ ಹೆಸರು ಕೂಗಿದರು. ಎದ್ದಳು, ಮುಂದಿನ ಬೆಂಚಿನ ಮೇಲಿದ್ದ ಮಾವನನ್ನು ಕಂಡಳು. ಎರಡು ಮಾತಾಡುವಷ್ಟರಲ್ಲಿ ದನಿ ಇಳಿಯಿತು, ಕೈ ಸೆರಗು ಹುಡುಕಿತು. ಕಾರಕೂನ ಮುಸಿಮುಸಿ ನಕ್ಕ. ಅಮಸಿದ್ದಪ್ಪ ಜಿಗುಟು ಮನುಷ್ಯನಾದರೂ ಕೆಟ್ಟವನಲ್ಲ. ಈ ತೊಡಕು ತನ್ನಿಂದಲೇ ಎಂದು ಅವನಿಗೆ ತಿಳಿಯಿತು. ಹೊರಗೆ ಕೂಡುತ್ತೇನೆಂದು ಸಾಹೇಬರಿಗೆ ಕೈಮುಗಿದು, ಕೋಲೂರಿಕೊಂಡು ಬಾಗಿಲ ಕಡೆ ನಡೆದ.

ಆ ಬಾಗಿದ ಬೆನ್ನನ್ನು ತಂಗೆವ್ವನಿಗೆ ನೋಡಲಾಗಲಿಲ್ಲ. ಹಿಡಿದಿದ್ದ ಸೆರಗನ್ನು ಬಿಟ್ಟಳು.

"ಹೋಗಬ್ಯಾಡ್ರಿ, ಮಾವಾರ," ಎಂದಳು. "ಕುಂದರ್ರಿ. ನಾ ಹೇಳೂದು ನೀವೂ ಕೇಳಬೇಕು."

ಅವಳು ಅವನಿಗೆ ಆಡಿದ ಮೊದಲ ಮಾತು ಅದು. ಮುದುಕ ಬೆರಗಾಗಿ ತಿರುಗಿದ, ಬಂದು ಕೂತ. ಅಲ್ಲಿಂದಾಚೆಗೆ ಅವಳನ್ನು ಹಿಡಿಯುವವರಿರಲಿಲ್ಲ.

"ಹೋದ ಬ್ಯಾಸಗ್ಯಾಗ ಶಿವಯೋಗೆಪ್ಪಾರ ಹೊಲದಾಗ ನಮ್ಮ ಹಿಂಡು ಕೂಡಿಸಿದ್ವಿ. ಆ ಹಿಕ್ಕಿ ಗೊಬ್ಬರಕ್ಕ ಅವರ ಕಬ್ಬು ಆಳೆತ್ತರ ಎದ್ದೈತಿ. ಕುರಣ ಹೋತಂದ್ರ ಹಿಂಡಿಲ್ಲ. ಹಿಂಡಿಲ್ಲಂದ್ರ ಅವರ ಹೊಲಕ್ಕ ಗೊಬ್ಬರ ಎಲ್ಲೈತಿ? ಅವರನ್ನ ಕೇಳ್ರಿ, ಸಾಹೇಬ್ರ."

ಕೈ ತಾನಾಗಿಯೇ ಎದ್ದು ಶಿವಯೋಗೆಪ್ಪನ ಕಡೆ ಚಾಚಿತ್ತು. ಸಾಹೇಬರು ಕೇಳಿಯೇಬಿಟ್ಟರು. ಶಿವಯೋಗೆಪ್ಪನ ಕೈ ಕಿಸೆಯಿಂದ ಹೊರಬಂತು. ಹಿಂಡು ಕೂಡಿಸಿದ್ದು ಖರೆ ಎಂದು ಒಪ್ಪಿಕೊಂಡು ಕೂತುಬಿಟ್ಟ. ತಮ್ಮ ಹೊಲದಲ್ಲೂ ಕುರಿ ಕೂಡಿಸಿಕೊಂಡಿದ್ದ ಇನ್ನಿಬ್ಬರು ಮೆಂಬರರು ಅಲ್ಲೇ ಮಾತು ಬದಲಿಸಿದರು. ಸಾಹೇಬರು ಅರ್ಜಿ ತಳ್ಳಿಹಾಕಿ, ಕುರಣ ಕುರಿಗೇ ಇರಲಿ ಎಂದರು.

ಹೊರಗೆ ಬೇವಿನ ಗಿಡದ ಕೆಳಗಿದ್ದ ಹಣಮವ್ವನಿಗೆ ಯಾರೂ ಸುದ್ದಿ ಹೇಳಬೇಕಾಗಲಿಲ್ಲ. ಸೊಸೆಯ ಒಂದೊಂದು ಮಾತೂ ಅಲ್ಲಿಗೆ ಕೇಳಿತ್ತು. ಸಂತೋಷಕ್ಕೆ ಅವಳು ಎಲ್ಲರೆದುರೇ ಅಳುತ್ತ ಕೂತಿದ್ದಳು.

ಊರಿಗೆ ಹೊರಟ ಚಕ್ಕಡಿಯನ್ನು ಅಮಸಿದ್ದಪ್ಪನೇ ಹೊಡೆಯುತ್ತಿದ್ದ, ಹೆಂಗಸರಿಬ್ಬರು ಹಿಂದೆ ಕೂತಿದ್ದರು. ಅರ್ಧ ದಾರಿಯಲ್ಲಿ ಎತ್ತುಗಳನ್ನು ನಿಲ್ಲಿಸಿ, ಪೂರಾ ಹಿಂದೆ ತಿರುಗಿ ಕೂತ.

"ಧರೆಪ್ಪನ ಹಿಂಡು ಹೊಳ್ಳಿ ಕರಸೂಣೇನವಾ, ತಂಗೆವ್ವಾ?"

ಉತ್ತರ ಕೊಡಲು ಬಾಯಿ ತೆರೆದ ಹಣಮವ್ವ ತಟ್ಟನೆ ಮುಚ್ಚಿಕೊಂಡಳು.

"ಈಗ ಬ್ಯಾಡ್ರಿ," ಎಂದಳು ತಂಗೆವ್ವ, ಅವನ ಮುಖ ನೋಡಿ. "ಮಳಿ ಆಗಲಿ, ಹುಲ್ಲು ಚಿಗೀಲಿ. ಆಮ್ಯಾಲೆ ಕರಸೂಣು."

"ಆತು," ಎಂದು ಅಮಸಿದ್ದಪ್ಪ ಚಕ್ಕಡಿ ಹೊಡೆದ.